ಮೊದಲ ಬೆಂಚಿನಲ್ಲಿ ಅತ್ತೆ

ಫೆಬ್ರವರಿ 10, ಸೋಮವಾರ

ಎರಡನೇ ವರ್ಷದ ಇತಿಹಾಸ ತರಗತಿಗೆ ಬಂದವರು ಒಂದು ಬೆಂಚು ತುಂಬುವಷ್ಟು. ಉಳಿದವರು ಚಾಪೆಲ್‌ನಲ್ಲಿ ಹಾಡುವ ಕಾಯರ್‌ನ ಪ್ರಾಕ್ಟೀಸ್ ಅಂತೆ. ನಮ್ಮ ಕಾಲೇಜಿನಲ್ಲಿ ದೇವರ ಹೆಸರು ಹೇಳಿದರೆ ಅಟೆಂಡೆನ್ಸ್ ಸಿಗುತ್ತದೆ. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲ್ ಫಾದರ್ ಮತ್ತೆ ಅದೇ ಮಾತು — “ನಾವು ನೌಕರಿಗೆ ತಯಾರು ಮಾಡೋದಿಲ್ಲ, ಬದುಕೋಕೆ ತಯಾರು ಮಾಡ್ತೀವಿ.” ಸಂಬಳವನ್ನೂ ಹಾಗೇ ಕೊಡುತ್ತಾರೆ. ಬದುಕುವುದಕ್ಕೆ ಮಾತ್ರ.

ಮಧ್ಯಾಹ್ನ ಫೋನ್. ಪೇಟೆಯ ಆ ತುದಿಯ ದೊಡ್ಡ ಕಾಲೇಜಿನಲ್ಲಿ ಇಂಟರ್‌ವ್ಯೂ. ಗುರುವಾರವೇ! ಗುರುವಾರ ನಮ್ಮಲ್ಲಿ ಇನ್‌ಸ್ಪೆಕ್ಷನ್. ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರ — ಹೆರಿಗೆ, ಸಾವು, ಇವೆರಡು ಬಿಟ್ಟು ಯಾವ ರಜೆಯೂ ಇಲ್ಲ. ಹೆರಿಗೆಯಂತೂ ಗುರುವಾರದೊಳಗೆ ಆಗುವ ಮಾತಲ್ಲ.

ಅತ್ತೆಗೆ ಮಾತ್ರ ಹೇಳಿದೆ. ಇವರು ಈ ವಾರವೆಲ್ಲ ಪವರ್ ಸ್ಟೇಷನ್ ಡ್ಯೂಟಿ, ಹೇಳಿದರೂ ಹೂಂ ಎನ್ನುವುದೇ ಹೆಚ್ಚು. ಅತ್ತೆ ಆಗಲೇ ಬೀರುವಿನಿಂದ ನೀಲಿ ಕಾಟನ್ ಸೀರೆ ತೆಗೆದಿಟ್ಟಿದ್ದಾರೆ. “ಇದೇ ಉಟ್ಕೋ. ಇದ್ರಲ್ಲಿ ನೀನು ಬುದ್ಧಿವಂತೆ ಥರ ಕಾಣ್ತೀಯ.” ಉಳಿದ ಬಟ್ಟೆಯಲ್ಲಿ ಹೇಗೆ ಕಾಣುತ್ತೇನೆ ಎಂದು ಕೇಳಲಿಲ್ಲ.

ಫೆಬ್ರವರಿ 12, ಬುಧವಾರ

ಹೇಳಿಬಿಟ್ಟೆ.

ಜ್ವರ ಎನ್ನಬೇಕೆಂದು ಫಾದರ್ ಕೋಣೆಗೆ ಹೋದದ್ದು. ಅವರು ತಲೆ ಎತ್ತಿ, “ಏನಾಯ್ತು ಮೇಡಂ? ಮುಖ ಯಾಕೆ ಹಾಗಿದೆ?” ಅಂದರು. ಅಷ್ಟು ಅಕ್ಕರೆಯಿಂದ ಯಾರಾದರೂ ಕೇಳಿದರೆ ಜ್ವರ ತೀರ ಸಣ್ಣದಾಗಿಬಿಡುತ್ತದೆ.

“ಅತ್ತೆ ತೀರ್ಕೊಂಡ್ರು ಫಾದರ್. ಊರಲ್ಲಿ, ಮೈದುನನ ಮನೇಲಿ.”

ಬಾಯಿ ತಪ್ಪಿ ಬಂತು. ಯೋಚಿಸಿ ಹೇಳಿದ್ದಲ್ಲ. ಎಲುಬಿಲ್ಲದ ನಾಲಿಗೆ.

ಫಾದರ್ ಪೆನ್ನು ಕೆಳಗಿಟ್ಟು ಎದ್ದು ಬಂದರು. ಅತ್ತೆಯ ಹೆಸರು ಕೇಳಿದರು, ಪ್ರಾರ್ಥನೆಗೆ ಬೇಕಂತೆ. ಸುಳ್ಳು ಹೆಸರು ಹೊಳೆಯಬೇಕಲ್ಲ! ನಿಜವಾದದ್ದನ್ನೇ ಕೊಟ್ಟೆ. “ಇನ್‌ಸ್ಪೆಕ್ಷನ್ ನಾವು ನೋಡ್ಕೋತೀವಿ. ಒಂದು ವಾರ ಈ ಕಡೆ ತಲೇನೇ ಹಾಕ್ಬೇಡಿ,” ಅಂದರು.

ಮನೆಗೆ ಬಂದರೆ ಸತ್ತವರು ಬಾಗಿಲಲ್ಲೇ ನಿಂತಿದ್ದರು. “ಇಸ್ತ್ರಿ ಆಯ್ತು. ಗೂಟಕ್ಕೆ ಹಾಕಿದೀನಿ, ನಿನ್ನ ಮಗಳು ಎಳೀದ ಹಾಗೆ ನೋಡ್ಕೋ.”

ಫೆಬ್ರವರಿ 13, ಗುರುವಾರ

ಇಂಟರ್‌ವ್ಯೂಗೆ ಕೂತ ಮೂವರಲ್ಲಿ ಒಬ್ಬರು ಚಹಾ ಕುಡಿಯುತ್ತಿದ್ದರು. ಒಬ್ಬರು ಗಡಿಯಾರ ನೋಡುತ್ತಿದ್ದರು. ಮೂರನೆಯವರು, “ಓ, ಆ ಚರ್ಚ್ ಕಾಲೇಜಾ? ಇನ್ನೂ ನಡೀತಿದೆಯಾ ಅದು?” ಕೆಲಸ ಮೊದಲೇ ಯಾರಿಗೋ ಆಗಿತ್ತು. ಹೊರಗೆ ಜವಾನನೇ ಹೇಳಿದ.

ಅತ್ತೆಯನ್ನು ಸುಮ್ಮಸುಮ್ಮನೆ ಕೊಂದ ಹಾಗಾಯಿತು.

ಫೆಬ್ರವರಿ 17, ಸೋಮವಾರ, ಮಧ್ಯಾಹ್ನ

ಪಾರ್ಕಿನ ಬೆಂಚು. ಕಾಲೇಜಿಗೆ ರಜೆ, ಆದರೆ ಮನೆಯಲ್ಲಿ ಕೂರುವ ಹಾಗಿಲ್ಲ. ಅತ್ತೆ ಕೇಳಿದರೆ ಏನೆನ್ನಲಿ? ನೀವು ಹೋದಿರಲ್ಲ, ಅದಕ್ಕೆ ರಜೆ ಎನ್ನಲೇ? ದಿನವೂ ಬ್ಯಾಗ್ ಹಾಕಿಕೊಂಡು ಹೊರಡುತ್ತೇನೆ. ಇಲ್ಲಿ ಬಂದು ಕೂರುತ್ತೇನೆ. ತೋಟದ ಮಾಲಿ ಈಗ ಗುರುತು ಹಿಡಿದು ನಗುತ್ತಾನೆ. ಗಂಡನ ಜೊತೆ ಜಗಳ ಎಂದುಕೊಂಡಿರಬೇಕು.

ಡಬ್ಬಿ ತೆಗೆದರೆ ಮೇಲೊಂದು ಬೇಯಿಸಿದ ಮೊಟ್ಟೆ, ಸುಲಿದು ಉಪ್ಪು ಹಾಕಿದ್ದು. ಪಕ್ಕಕ್ಕೆ ಫ್ಲಾಸ್ಕಿನಲ್ಲಿ ಬಿಸಿನೀರು. “ಕ್ಲಾಸಲ್ಲಿ ಅರಚಿ ಅರಚಿ ಗಂಟಲು ಕೆಡ್ಸಿಕೋತೀಯ” ಎಂದು ದಿನಾ ಕೊಡುತ್ತಾರೆ. ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ನಾನು. ಆದರೂ ಆ ನೀರನ್ನೆಲ್ಲ ಕುಡಿದೆ. ಚೆಲ್ಲಲು ಮನಸ್ಸಾಗಲಿಲ್ಲ. ನಾಚಿಕೆಯಾಗುತ್ತಿದೆ. ಇದಕ್ಕಿಂತ ಬೇರೆ ಪದ ಹುಡುಕುವುದೂ ಬೇಡ.

ಫೆಬ್ರವರಿ 20, ಗುರುವಾರ

ಕಾಲೇಜಿಗೆ ಮರಳಿದೆ. ಗೇಟಿನಿಂದಲೇ ಶುರು. ವಾಚ್‌ಮನ್ ಟೋಪಿ ತೆಗೆದ. ತರಗತಿಯಲ್ಲಿ ಎಲ್ಲರೂ ಹಾಜರು, ಕಾಯರ್ ಹುಡುಗಿಯರೂ! ಯಾರೂ ಪಿಸುಗುಟ್ಟಲಿಲ್ಲ. ನನ್ನ ಪಾಠಕ್ಕೆ ಸಿಗದ ಮರ್ಯಾದೆ ನನ್ನ ಸುಳ್ಳಿಗೆ ಸಿಕ್ಕಿತು.

ತರ್ಕಶಾಸ್ತ್ರದ ಮೇಷ್ಟ್ರು ವಾರವೆಲ್ಲ ನನ್ನ ಪೀರಿಯಡ್ ತೆಗೆದುಕೊಂಡಿದ್ದಾರೆ. “ಮನುಷ್ಯರೆಲ್ಲ ಸಾಯ್ತಾರೆ ಅಂತ ಬೋರ್ಡ್ ಮೇಲೆ ಬರೆದೂ ಬರೆದೂ ಕೈ ಸವೆದಿದೆ ಮೇಡಂ. ಮನೇಲಿ ಆದಾಗ್ಲೇ ಅದರ ಅರ್ಥ ಗೊತ್ತಾಗೋದು,” ಅಂದರು. ತಲೆ ತಗ್ಗಿಸಿದೆ. ದುಃಖವೆಂದು ತಿಳಿದರು.

ಹನ್ನೆರಡರ ಗಂಟೆಗೆ ಎಂದಿನಂತೆ ಮೈಕಿನಲ್ಲಿ ಪ್ರಾರ್ಥನೆ. ಫಾದರ್ ದನಿಯಲ್ಲಿ ಅತ್ತೆಯ ಹೆಸರು. ಒಂದು ಅಕ್ಷರ ತಪ್ಪಿಲ್ಲ. ವಾರವಿಡೀ ದಿನಾ ಹೇಳಿದ್ದಾರಂತೆ. ಕಾರಿಡಾರಿನಲ್ಲಿ ಓಡುತ್ತಿದ್ದ ಹುಡುಗರು ನಿಂತಲ್ಲೇ ನಿಂತರು. ಕೆಲವರು ಮಂಡಿಯೂರಿದರು, ಧೂಳಿನಲ್ಲೇ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಲೈಬ್ರರಿ ಸಿಸ್ಟರ್ ಬಂದು ಕೈ ಹಿಡಿದುಕೊಂಡರು. ಅವರಿಗೆ ಕಣ್ಣು ಮಂಜು, ಪುಸ್ತಕಗಳನ್ನು ಬೆನ್ನು ಸವರಿ ಗುರುತಿಸುತ್ತಾರೆ. “ನೆನಪಿನ ಶುಕ್ರವಾರ ನಿಮ್ಮದೇ ಈ ಸಲ. ನಾಲ್ಕು ಮಾತಾಡಿ.” ಇದು ಇಲ್ಲಿಯ ಪದ್ಧತಿ. ಕಾಲೇಜಿನ ಯಾರ ಮನೆಯಲ್ಲಾದರೂ ಸಾವಾದರೆ, ಮುಂದಿನ ತಿಂಗಳ ಮೊದಲ ಶುಕ್ರವಾರ ಚಾಪೆಲ್‌ನಲ್ಲಿ ಮನೆಯವರು ಸತ್ತವರ ಬಗ್ಗೆ ಮಾತಾಡಬೇಕು. ಇದು ತಲೆಗೇ ಹೊಳೆದಿರಲಿಲ್ಲ. ಮಾರ್ಚ್ 7.

ಫೆಬ್ರವರಿ 26, ಬುಧವಾರ



ಸಂಜೆ ಮನೆಗೆ ಬಂದರೆ ಹೊಸಿಲ ಹೊರಗೆ ಕಪ್ಪು ಚಪ್ಪಲಿ. ಒಳಗೆ ಲೈಬ್ರರಿ ಸಿಸ್ಟರ್! ಜೊತೆಗೆ ನನ್ನ ಇಬ್ಬರು ವಿದ್ಯಾರ್ಥಿನಿಯರು, ಕೈಯಲ್ಲಿ ಹೂವಿನ ಕುಂಡ. ಎದುರು ಕುರ್ಚಿಯಲ್ಲಿ ಅತ್ತೆ. ಟೀಪಾಯಿಯ ಮೇಲೆ ಬಿಸ್ಕತ್ತು.

ಸಿಸ್ಟರ್ ನನ್ನ ಹೆಜ್ಜೆ ಕೇಳಿ ತಿರುಗಿದರು. “ಬನ್ನಿ ಮೇಡಂ. ನಿಮ್ಮ ಚಿಕ್ಕತ್ತೆ ಹತ್ರ ಮಾತಾಡ್ತಿದ್ವಿ. ಅಕ್ಕನ ಬಗ್ಗೆ ಎಷ್ಟು ಚೆನ್ನಾಗಿ ಹೇಳ್ತಾರೆ!”

ಅತ್ತೆಗೆ ತಂಗಿಯೇ ಇಲ್ಲ.

ಅತ್ತೆ ನನ್ನ ಮುಖ ನೋಡಲಿಲ್ಲ. ಮಾತು ಮುಂದುವರಿಸಿದರು. “ನಮ್ಮಕ್ಕ ಮದುವೆಗೆ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ಲು ಸಿಸ್ಟರ್. ಹಲೋ ಅಂದ್ರೆ ಸಾಕು, ಯಾರು, ಖುಷೀಲಿದಾರಾ, ಸುಳ್ಳು ಹೇಳ್ತಿದಾರಾ, ಎಲ್ಲ ಹೇಳ್ಬಿಡೋಳು. ಮದುವೆ ಆದ್ಮೇಲೆ ಬಿಡ್ಸಿದ್ರು. ಆಮೇಲೆ ಯಾರೂ ಅದರ ವಿಷಯ ಕೇಳ್ಲಿಲ್ಲ ಅನ್ನಿ.”

ಈ ಮನೆಗೆ ಬಂದು ಹನ್ನೆರಡು ವರ್ಷ. ಇತಿಹಾಸದ ಲೆಕ್ಚರರ್ ನಾನು. ನನಗೆ ಗೊತ್ತಿರಲಿಲ್ಲ.

ಸಿಸ್ಟರ್ ಮತ್ತು ಹುಡುಗಿಯರನ್ನು ಗೇಟಿನವರೆಗೆ ಬಿಟ್ಟು ಬಂದೆ. ಅತ್ತೆ ಲೋಟ ತೊಳೆಯುತ್ತಿದ್ದರು. “ಅತ್ತೆ” ಅಂದೆ. ನಲ್ಲಿ ಜೋರಾಗಿ ಬಿಟ್ಟರು.

ಮಾರ್ಚ್ 3, ಸೋಮವಾರ

ಡಬ್ಬಿ ಸಿಗುತ್ತಿದೆ. ಫ್ಲಾಸ್ಕ್ ಸಿಗುತ್ತಿದೆ. ಮೊಟ್ಟೆಯೂ. ಮಾತು ಮಾತ್ರ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮಗಳ ಜೊತೆ ನಗುತ್ತಾರೆ, ನಾನು ಒಳಗೆ ಬಂದರೆ ಸೊಪ್ಪು ಬಿಡಿಸಲು ಕೂರುತ್ತಾರೆ. ಇವರು ಕೇಳಿದರು, “ಏನು, ಅತ್ತೆ ಸೊಸೆ ಮೌನವ್ರತಾನಾ?” ನಗೆಯಾಡಿ ಹೋದರು. ಇವರಿಗೆ ಹೇಳುವ ಧೈರ್ಯ ಇಲ್ಲ. ತಾಯಿಯನ್ನು ಕೊಂದವಳು ಎಂದು ಹೇಗೆ ಹೇಳಲಿ?

ಇವತ್ತು ಬೆಳಿಗ್ಗೆ ಬಾಗಿಲ ಹತ್ತಿರ ಅತ್ತೆ ಮೊದಲ ಸಲ ಬಾಯಿ ಬಿಟ್ಟರು.

“ಶುಕ್ರವಾರ ಎಷ್ಟೊತ್ತಿಗೆ?”

“ಏನು ಅತ್ತೆ?”

“ಸಿಸ್ಟರ್ ಕರೆದು ಹೋಗಿದಾರೆ. ಅಕ್ಕನ ಕಾರ್ಯಕ್ಕೆ ತಂಗಿ ಬರದೇ ಇದ್ರೆ ಜನ ಏನಂದ್ಕೋತಾರೆ? ನಾನೂ ಬರ್ತೀನಿ.”

ಮಾರ್ಚ್ 6, ಗುರುವಾರ

ಮೂರು ಸಲ ಬರೆದು ಹರಿದೆ. ‘ಮುಂಜಾನೆ ಎದ್ದು ನನಗೆ ಡಬ್ಬಿ ಕಟ್ಟುತ್ತಿದ್ದರು. ನನ್ನ ಮಗಳನ್ನು ನೋಡಿಕೊಳ್ಳುತ್ತಿದ್ದರು. ನನ್ನ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು.’ ನನಗೆ, ನನ್ನ, ನನ್ನ. ಇದು ಅವರ ಬಗ್ಗೆ ಬರೆದದ್ದಾ? ಒಳ್ಳೆಯ ಕೆಲಸದಾಳಿಗೆ ಕೊಡುವ ಸರ್ಟಿಫಿಕೇಟ್. ಅವರಿಗೆ ಯಾವ ಹಾಡು ಇಷ್ಟ? ಯಾರ ಮೇಲೆ ಸಿಟ್ಟು? ಕೆಲಸ ಬಿಡಿಸಿದ ದಿನ ಅತ್ತರಾ? ಪಕ್ಕದ ಕೋಣೆಯಲ್ಲೇ ಇದ್ದಾರೆ. ಕೇಳಬಹುದು. ಯಾವ ಮುಖ ಇಟ್ಟುಕೊಂಡು ಕೇಳಲಿ?

ತೀರ್ಮಾನ ಮಾಡಿದ್ದೇನೆ. ಮೊದಲ ಪ್ಯಾರಾ ಓದುವುದು. ನಿಲ್ಲಿಸುವುದು. ಇದ್ದದ್ದನ್ನು ಹೇಳಿಬಿಡುವುದು.

ಮಾರ್ಚ್ 7, ಶುಕ್ರವಾರ

ಹೇಳಲಿಲ್ಲ.

ಚಾಪೆಲ್ ತುಂಬಿತ್ತು. ಮೊದಲ ಬೆಂಚಿನಲ್ಲಿ ಅತ್ತೆ, ಪಕ್ಕದಲ್ಲಿ ಸಿಸ್ಟರ್. ಓದಲು ಶುರು ಮಾಡಿದೆ. ಟೆಲಿಫೋನ್ ಎಕ್ಸ್‌ಚೇಂಜಿನ ಮಾತು ಸೇರಿಸಿದ್ದೆ. ‘ಊರಿನ ದನಿಗಳನ್ನೆಲ್ಲ ಬಲ್ಲವರನ್ನು ಮನೆಯಲ್ಲಿಟ್ಟುಕೊಂಡು ನಾವು ಅವರ ದನಿಯನ್ನೇ ಕೇಳಲಿಲ್ಲ’ ಅಂತ. ತಲೆ ಎತ್ತಿ ನೋಡಿದೆ. ಅತ್ತೆ ಮುಂದಕ್ಕೆ ಬಾಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕಥೆ ಕೇಳುವಾಗ ನನ್ನ ಮಗಳು ಕೂರುವುದು ಹಾಗೆ. ಒಂದು ಮಾತೂ ತಪ್ಪಿಹೋಗಬಾರದು ಎಂಬ ಹಾಗೆ. ಅವರ ಜೀವಮಾನದಲ್ಲಿ ಯಾರೂ ಎದ್ದು ನಿಂತು ಅವರ ಬಗ್ಗೆ ಮಾತಾಡಿಲ್ಲ. ಅದನ್ನು ಅರ್ಧಕ್ಕೆ ಹೇಗೆ ನಿಲ್ಲಿಸಲಿ? ಕೊನೆಯವರೆಗೂ ಓದಿದೆ. ಕಾಯರ್ ಹುಡುಗಿಯರು ಅತ್ತರು. ನನಗೂ ಅಳು ಬಂತು. ನನ್ನದು ಏನಕ್ಕೆ ಎಂದು ನನಗೇ ಗೊತ್ತು.

ಮುಗಿದ ಮೇಲೆ ನೇರ ಫಾದರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಇಂಟರ್‌ವ್ಯೂ, ಪಾರ್ಕು, ಎಲ್ಲ. ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಮರದ ಕಟ್ಟೆಯ ಮೇಲೆ ಅತ್ತೆ ಮತ್ತು ಸಿಸ್ಟರ್ ಕೂತಿದ್ದರು.

“ಅವರೇನಾ?”

“ಹೌದು ಫಾದರ್.”

“ಬೇರೆ ಕೆಲ್ಸ ಹುಡುಕಿದ್ದು ತಪ್ಪಲ್ಲ ಮೇಡಂ. ಇಲ್ಲಿ ಎಲ್ರೂ ಹುಡುಕ್ತಾರೆ. ಆದ್ರೆ ಆ ಮಕ್ಕಳು ಮಣ್ಣಲ್ಲಿ ಮಂಡಿ ಊರಿದ್ರು.” ದನಿ ಏರಲಿಲ್ಲ. “ಸೋಮವಾರ ಹನ್ನೆರಡಕ್ಕೆ, ಅದೇ ಮೈಕಲ್ಲಿ, ನೀವೇ ಹೇಳ್ಬೇಕು. ನಿಮ್ಮ ಕೆಲ್ಸದ ಮಾತು ಆಮೇಲೆ.”

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಸ್ವಲ್ಪ ದೂರ ಹೋದ ಮೇಲೆ, “ಅವನ್ನೆಲ್ಲ ಒಂದೊಂದಾಗಿ ಮನೇಲೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಅಂದರು. ಸಿಟ್ಟಿನಿಂದಲ್ಲ. ನಗುತ್ತಿದ್ದರೇನೋ ಎಂದೂ ಅನಿಸಿತು. ಆ ಕಾಗದ ಕೊಡು ಎಂದು ಇಸಿದುಕೊಂಡು, ಮಡಚಿ ಪರ್ಸಿನಲ್ಲಿಟ್ಟುಕೊಂಡರು.

ಮಾರ್ಚ್ 9, ಭಾನುವಾರ

ನಾಳೆ ಮೈಕ್. ಇವರಿಗೂ ನಿನ್ನೆ ಹೇಳಿದೆ. ಇವರು ಹೂಂ ಎನ್ನಲಿಲ್ಲ. ತಾಯಿಯ ಮುಖ ನೋಡಿದರು, ಎದ್ದು ಹೊರಗೆ ಹೋದರು.

ಅತ್ತೆ ಮಾತ್ರ ಬೆಳಿಗ್ಗೆಯಿಂದ ಮೊದಲಿನ ಹಾಗೆ. ಕಾಫಿಗೆ ಸಕ್ಕರೆ ಕಮ್ಮಿಯಾ ಎಂದು ಕೇಳಿದರು. ಮಧ್ಯಾಹ್ನ ತಾವೇ ನೀಲಿ ಕಾಟನ್ ತೆಗೆದರು. “ತಪ್ಪು ಒಪ್ಪಿಕೊಳ್ಳೋಕೆ ಹೋಗೋದಾದ್ರೂ ನೆಟ್ಟಗೆ ಹೋಗ್ಬೇಕು.” ಮೇಜಿನ ಮೇಲೆ ಹಾಸಿ, ನೀರು ಚಿಮುಕಿಸಿ, ಇಸ್ತ್ರಿಗೆ ನಿಂತರು. ನನಗೆ ಬೆನ್ನು. ಎಲ್ಲ ಮುಗಿಯಿತು, ಕ್ಷಮಿಸಿದರು ಎಂದುಕೊಂಡೆ. ಅಷ್ಟು ಬೇಗ.

ಆಗ ಕೇಳಿದರು, ತಿರುಗದೆ.

“ನಿಮ್ಮಮ್ಮನೂ ಇದಾರಲ್ಲ. ಅವರು ತೀರ್ಕೊಂಡ್ರು ಅಂತ ಯಾಕೆ ಹೇಳ್ಲಿಲ್ಲ?”

“ಬಾಯಿ ತಪ್ಪಿ ಬಂತು ಅತ್ತೆ. ಯೋಚನೇನೇ ಮಾಡಿರ್ಲಿಲ್ಲ.”

ಇಸ್ತ್ರಿ ನಿಂತಿತು. “ಇನ್ನೊಂದ್ಸಲ ಹೇಳು,” ಅಂದರು. ಕಿವಿ ಈ ಕಡೆ ಕೊಟ್ಟಿದ್ದರು. ಲೈನಿನ ಆ ತುದಿಯಲ್ಲಿ ನಾನು.

ಬಾಯಿ ತಪ್ಪಿ ಎಂದು ಇಲ್ಲೂ ಬರೆದಿದ್ದೇನೆ, ಫೆಬ್ರವರಿ 12ರಂದು. ಯಾರೂ ಓದದ ಕಡೆಯೂ ಸುಳ್ಳು. ಫಾದರ್ ಮುಖ ಯಾಕೆ ಹಾಗಿದೆ ಎಂದಾಗ ಮೊದಲು ನಾಲಿಗೆಗೆ ಬಂದದ್ದು ಅಮ್ಮನೇ. ಥೂ, ಬಿಡ್ತು ಅನ್ನು, ಅಪಶಕುನ ಎಂದು ನುಂಗಿಕೊಂಡೆ. ಆಮೇಲೆ ಅತ್ತೆ ಎಂದೆ. ಏನೂ ಅನಿಸಲಿಲ್ಲ.

ಅದನ್ನೇ ಹೇಳಿದೆ. ಇದ್ದ ಹಾಗೆ.

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಸ್ವಿಚ್ ಆರಿಸಿದರು. “ಹೂಂ. ಈಗ ದನಿ ಸರಿಯಾಗಿದೆ,” ಅಂದರು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಗಲೇ ಕತ್ತಲಾಗುತ್ತಿದೆ. ನೀಲಿ ಕಾಟನ್ ಅರ್ಧ ಇಸ್ತ್ರಿಯಾಗಿ ಮೇಜಿನ ಮೇಲೆ ಹಾಗೇ ಬಿದ್ದಿದೆ. ಉಳಿದರ್ಧ ನಾನೇ ಮಾಡಿಕೊಳ್ಳಬಹುದು. ಮಾಡಿಕೊಳ್ಳಬೇಕು. ಆದರೆ ಮೊದಲು ಆ ಬಾಗಿಲು ಒಂದು ಸಲ ತಟ್ಟಿ ಬರುತ್ತೇನೆ.