ಬರೆದವರೆಲ್ಲರ ಒಪ್ಪಿಗೆ

ಕುಷ್ಟಗಿ,
13 ಜುಲೈ 2025, ರವಿವಾರ

ಪ್ರೀತಿಯ ಹಾಲೇಶಣ್ಣನಿಗೆ ತಂಗಿ ಶಿವಲೀಲಾಳ ನಮಸ್ಕಾರಗಳು.

ಕೆಮ್ಮು ಹೇಗಿದೆ? ಅಕ್ಕಿ ಗಿರಣಿಯ ದೂಳು ನಿನಗೆ ಆಗಿಬರುವುದಿಲ್ಲ ಎಂದು ಅವ್ವ ದಿನಕ್ಕೆ ಎರಡು ಸಲ ಹೇಳುತ್ತಾಳೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಷಿನ್ ರಿಪೇರಿ ಮಾಡುತ್ತೀಯೋ, ಹಾಗೆಯೇ ಒಳಗೆ ತಲೆ ತೂರಿಸುತ್ತೀಯೋ? ನಿನ್ನನ್ನು ಬಲ್ಲೆ, ಹಾಗೆಯೇ ತೂರಿಸುವವನು ನೀನು. ಅವ್ವನ ಮೊಣಕಾಲು ಈಗ ಎಷ್ಟೋ ವಾಸಿ. ಫೋನಿನಲ್ಲಿ ಮಾತ್ರ ನಿನಗೆ "ಭಾಳ ಬ್ಯಾನಿ ಆಗೈತಪಾ" ಎನ್ನುತ್ತಾಳೆ, ನಂಬಬೇಡ. ಹಾಗೆಂದರೆ ನೀನು ಒಂದು ಸಲ ಬಂದು ಹೋಗುತ್ತೀ ಎಂಬ ಆಸೆ ಅವಳಿಗೆ. ನಾನು ಆರಾಮಾಗಿದ್ದೇನೆ. ಯಲಬುರ್ಗಾದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಎಂಬ ಹೆಸರಿನಲ್ಲಿ ಇನ್ನೂ ಅತಿಥಿಯಾಗಿಯೇ ಇದ್ದೇನೆ.

ಶ್ರೀರಾಮನಗರ ಇಲ್ಲಿಂದ ಎರಡೂವರೆ ತಾಸಿನ ದಾರಿ. ಅಷ್ಟು ಹತ್ತಿರ ಇರುವ ಅಣ್ಣನಿಗೆ ಟಪಾಲು ಹಾಕುತ್ತಿದ್ದೇನಲ್ಲ, ಪೋಸ್ಟಿನವರೂ ನಗಬೇಕು. ಏನು ಮಾಡಲಿ? ನನ್ನ ಫೋನ್ ನಿನಗೆ ಹತ್ತದ ಹಾಗೆ ಮಾಡಿಟ್ಟಿದ್ದೀ. ಒಮ್ಮೆ ನಾನು ಅವ್ವನ ಫೋನಿನಿಂದ ಮಾಡಿದೆ. ನನ್ನ ದನಿ ಕೇಳಿದ್ದೇ ನೀನು ಕಟ್ ಮಾಡಿದೆ, ಆಮೇಲೆ ಹದಿನೈದು ದಿನ ಅವ್ವನಿಗೂ ಮಾಡಲಿಲ್ಲ. ಆಗ ಅವ್ವ "ನಿನಗ ಕೈ ಮುಗೀತೀನಿ ಶಿವೂ, ನನ್ನ ಫೋನ್ ಮುಟ್ಟಬ್ಯಾಡ" ಎಂದಳು. ಅದನ್ನು ಕೇಳಿ ನನಗಾದ ಸಂಕಟ ನನಗೇ ಗೊತ್ತು. ಹೋದ ದೀಪಾವಳಿಗೆ ನಾನೇ ಹೊರಟು ಗಂಗಾವತಿ ಬಸ್‌ಸ್ಟ್ಯಾಂಡಿನ ತನಕ ಬಂದಿದ್ದೆ. ಎದುರಿಗೇ ಬಾಗಿಲು ಹಾಕಿಕೊಂಡರೆ ಎಂಬ ಅಂಜಿಕೆ ಹತ್ತಿ, ಅಲ್ಲಿಯೇ ಒಂದು ಚಹಾ ಕುಡಿದು ತಿರುಗಿ ಬಂದೆ. ಅವ್ವನಿಗೂ ಹೇಳಿಲ್ಲ.

ವಿಷಯಕ್ಕೆ ಬರುತ್ತೇನೆ. ವೆಬ್ ಪುಟ ನಡೆಸುವ ಸ್ಕ್ರಿಪ್ಟನ್ನು ಕುಗ್ಗಿಸಲು ನಾವಿಬ್ಬರೂ ಕೂತು ಬರೆದ ಸಾಧನವನ್ನು ನೀನು ಮರೆತಿರಲಾರೆ. ನಿನ್ನ ಕಂಪ್ಯೂಟರ್ ಅಂಗಡಿ ಇದ್ದಾಗ ನೀನು ಕಾಳಿನ ದರ ತೋರಿಸುವ ಪುಟವೊಂದನ್ನು ಮಾಡಿದ್ದೆ. ಹನುಮಸಾಗರದಲ್ಲಿ ಬಡೇಸಾಬ ಕಾಕಾ ಸಿಗ್ನಲ್ಲಿಗೆಂದು ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು, "ಏ ಹಾಲೇಶಾ, ನಿನ್ನ ಪುಟ ತೆರಿಯೂದ್ರಾಗ ನಾನು ಶೇಂಗಾ ಮಾರಿ ಮನಿ ಮುಟ್ಟಿರ್ತೀನಿ ನೋಡಪಾ" ಎಂದದ್ದೇ ನಿನಗೆ ಹಟ ಬಂತು. ಪುಟದ ಹಿಂದಿರುವ ಸ್ಕ್ರಿಪ್ಟಿನಲ್ಲಿ ಬಿಟ್ಟ ಖಾಲಿ ಜಾಗ, ಬರೆದ ಟಿಪ್ಪಣಿ, ಇಟ್ಟ ಉದ್ದುದ್ದ ಹೆಸರು ಎಲ್ಲ ಓದುವ ಮನುಷ್ಯರಿಗಾಗಿ, ಯಂತ್ರಕ್ಕೆ ಅವು ಬೇಕಿಲ್ಲ. ಅವನ್ನು ತೆಗೆದರೆ ಪುಟ ಹಗುರಾಗಿ ಬೇಗ ತೆರೆಯುತ್ತದೆ. ಅಷ್ಟನ್ನು ಮಾಡುವ ಭಾಗವನ್ನು ನಾನು ಬರೆದೆ. ಆದರೆ ಬೇರೆಯವರ ಸಾಧನಗಳು ಕನ್ನಡದ ಒಂದೊಂದು ಅಕ್ಷರವನ್ನೂ ಉದ್ದನೆಯ ಸಂಕೇತ ಮಾಡಿ, ಕುಗ್ಗಿಸಲು ಕೊಟ್ಟ ಕಡತವನ್ನು ಉಬ್ಬಿಸಿ ಕೊಡುತ್ತಿದ್ದವು. ಕನ್ನಡವನ್ನು ಇದ್ದ ಹಾಗೆಯೇ ಬಿಟ್ಟು ಉಳಿದದ್ದನ್ನು ಕುಗ್ಗಿಸುವ ಭಾಗ ಪೂರ್ತಿ ನಿನ್ನದು. ಅದರಲ್ಲಿ ನಿನ್ನ ಟಿಪ್ಪಣಿಗಳೋ, ಸಾಲಿಗೊಂದು! "ಶಿವೂ, ಇದನ್ನ ಮುಟ್ಟಿದೆಂದ್ರ ಕೈ ಮುರೀತೀನಿ" ಎಂದು ಒಂದು ಕಡೆ ಬರೆದಿದ್ದೆ.

ಈಗ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ವೆಬ್ ಪುಟ ಕಟ್ಟಲು ಒಂದು ಓಪನ್ ಸೋರ್ಸ್ ತಂತ್ರಾಂಶ ಬಳಸುತ್ತಾರೆ. ಅದಕ್ಕೆ ಮಾಲೀಕರಿಲ್ಲ, ಯಾವ ಯಾವುದೋ ಊರಿನವರು ತಮ್ಮ ಕೈಲಾದದ್ದನ್ನು ಬರೆದು ಕೂಡಿಸುತ್ತಾರೆ. ಕುಗ್ಗಿಸುವ ಸಾಧನ ಅದರಲ್ಲಿ ಸರಿಯಿರಲಿಲ್ಲ. ನಮ್ಮದನ್ನು ಹಚ್ಚಿ ನೋಡಿದೆ, ಕನ್ನಡದ ಪುಟ ಅರ್ಧಕ್ಕೆ ಇಳಿಯಿತು! ಯಾರಿಗಾದರೂ ಹೇಳಬೇಕೆನಿಸಿ ಸ್ಟಾಫ್ ರೂಮಿನಲ್ಲಿ ಹೇಳಿದರೆ, ರಂಜಿತಾ ಮೇಡಂ "ಸರ್ಟಿಫಿಕೇಟ್ ಕೊಡ್ತಾರೇನ್ರೀ?" ಎಂದರು. ಇಲ್ಲವೆಂದೆ. "ಮತ್ಯಾಕ್ರೀ ಕಣ್ಣು ಕೆಡಿಸ್ಕೋತೀರಿ" ಎಂದು ಡಬ್ಬಿ ಬಿಚ್ಚಿದರು. ಅವರದೇನೂ ತಪ್ಪಿಲ್ಲ. ಆದರೆ ಇದನ್ನು ಕೇಳಿ ಕುಣಿಯುವವನು ಜಗತ್ತಿನಲ್ಲಿ ಒಬ್ಬನೇ ಇದ್ದಾನೆ, ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆ ದಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಸಾಧನವನ್ನು ಕಳಿಸಿಕೊಟ್ಟೆ. ಅಲ್ಲಿ ಎಲ್ಲವನ್ನೂ ಪರಿಶೀಲಿಸುವ ಹೆಂಗಸೊಬ್ಬಳಿದ್ದಾಳೆ, ಯಾವ ದೇಶದವಳೋ. ಸಾಲು ಬಿಡದೆ ಓದಿ, ಕನ್ನಡವನ್ನು ಕಾಯುವ ಭಾಗ ಬಹಳ ಚೆನ್ನಾಗಿದೆ, ಇದನ್ನು ಹೀಗೇಕೆ ಬರೆದಿರಿ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ. ಜೊತೆಗೆ ಒಂದು ಸಾಲಿನ ಮುಂದೆ ಗುರುತು ಹಾಕಬೇಕಿತ್ತು: "ಇದನ್ನು ಬರೆದವರೆಲ್ಲರ ಒಪ್ಪಿಗೆ ಇದೆ." ಒತ್ತಿದರೆ ಮುಗಿಯಿತು, ಯಾರೂ ಕೇಳುವವರಿಲ್ಲ. ಒತ್ತಲು ಬೆರಳು ಬರಲಿಲ್ಲ, ಯಾಕೆಂದರೆ ಇಂಥದೇ ಸಾಲಿಗೆ ಹಿಂದೊಮ್ಮೆ ಸುಳ್ಳು ಸಹಿ ಹಾಕಿದವಳು ನಾನು.

ಆರು ವರ್ಷದಲ್ಲಿ ಇದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ, ಈಗ ಹೇಳುತ್ತೇನೆ. ಎಂ.ಸಿ.ಎ. ಪ್ರಾಜೆಕ್ಟಿಗೆ ಇದೇ ಸಾಧನವನ್ನು ಕೊಟ್ಟು "ಇದು ನಾನೊಬ್ಬಳೇ ಮಾಡಿದ ಕೆಲಸ" ಎಂದು ಬರೆದುಕೊಟ್ಟೆ. ಹೊರಗಿನವರ ಕೈ ಇದೆ ಎಂದು ಗೊತ್ತಾದರೆ ಅಂಕ ಕಡಿಯುತ್ತಾರೆಂಬ ಹೆದರಿಕೆ. ಅದಕ್ಕೇ ಮೊದಲು ಆ ಸಾಧನಕ್ಕೆ ಅದರದೇ ಕಡತವನ್ನು ಹಾಕಿ ಕುಗ್ಗಿಸಿದೆ. ನಿನ್ನ ಟಿಪ್ಪಣಿಯೆಲ್ಲ ಹೋಯಿತು. ನಿನ್ನ ಕಂಪ್ಯೂಟರಿನಲ್ಲಿದ್ದ ಮೂಲ ಕಡತವನ್ನೂ ಅಳಿಸಿದೆ. ರೆಕ್ಸಿನ್ ಹೊದಿಕೆಯ ಪ್ರಾಜೆಕ್ಟ್ ಪುಸ್ತಕ ಬೈಂಡ್ ಆಗಿ ಬಂದ ದಿನ ನೀನೇ ಮೊದಲು ತೆಗೆದು ನೋಡಿದೆ. ಕೃತಜ್ಞತೆಯ ಪುಟದಲ್ಲಿ ಪ್ರಿನ್ಸಿಪಾಲರು, ಗೈಡ್, ಲ್ಯಾಬಿನ ಅಟೆಂಡರ್, ಎಲ್ಲರೂ ಇದ್ದರು. ನೀನು ನಿಂತುಕೊಂಡೇ ಓದಿ, "ಜೆರಾಕ್ಸ್ ಅಂಗಡ್ಯಾವನೂ ಅದಾನ" ಎಂದಷ್ಟೇ ಅಂದು ಪುಸ್ತಕ ಕೆಳಗಿಟ್ಟೆ. ಬೈದಿದ್ದರೆ ನಾನೂ ತಿರುಗಿ ಬೈದು, ಅತ್ತು, ಕಾಲು ಹಿಡಿದು ಅದನ್ನು ಅಂದೇ ಮುಗಿಸುತ್ತಿದ್ದೆ. ನೀನು ಬೈಯಲಿಲ್ಲ. ಆ ವಾರವೇ ಅಂಗಡಿ ಮುಚ್ಚಿ ಗಿರಣಿ ಕೆಲಸಕ್ಕೆ ಹೋದೆ. ತಪ್ಪಾಯಿತು ಅಣ್ಣಾ. ಅಂಕಕ್ಕಾಗಿ ನಿನ್ನನ್ನು ಅಳಿಸಿದೆ.

ಈಗ ಕೇಳುವುದಿಷ್ಟು. ನಿನ್ನ ಒಪ್ಪಿಗೆ ಬೇಕು, ಒಂದು ಸಾಲು ಬರೆದು ಸಹಿ ಮಾಡಿದರೆ ಸಾಕು. ಬರೆದವರ ಪಟ್ಟಿಯಲ್ಲಿ ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಹೀಗೇಕೆ ಬರೆದೆ ಎಂಬುದನ್ನೂ ನೀನೇ ತಿಳಿಸು. ನನ್ನ ಬಳಿ ಕುಗ್ಗಿಸಿದ ಕಡತ ಮಾತ್ರ ಉಳಿದಿದೆ. ಅದನ್ನೇ ಸಾಲು ಸಾಲಾಗಿ ಬಿಡಿಸಿ ಅವಳಿಗೆ ಕಳಿಸಿದ್ದು, ಆದರೆ ಎಷ್ಟು ಬಿಡಿಸಿದರೂ ನಿನ್ನ ಮಾತು ಅದರಲ್ಲಿ ಸಿಗುವುದಿಲ್ಲ.

ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ನಾನು ಯಾರಿಗೆ ಬರೆಯುತ್ತಿದ್ದೇನೆಂದು ಕೇಳಲೇ ಇಲ್ಲ, "ಕೆಮ್ಮಿಗೆ ಜ್ಯೇಷ್ಠಮಧು ತಿನ್ನು ಅಂತ ಬರಿ" ಎಂದಳು. ವಿಳಾಸ ಕೊಟ್ಟದ್ದಕ್ಕೆ ನಿನ್ನ ಗೆಳೆಯ ಅಸ್ಲಮನನ್ನು ಬೈಯಬೇಡ, ನಾನೇ ಕಾಡಿ ಇಸಿದುಕೊಂಡೆ.

ನಿನ್ನ ತಂಗಿ,
ಶಿವಲೀಲಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ, ಮೇಲೆ ಮುಚ್ಚಿಟ್ಟೆ. ಆ ಹೆಂಗಸು ಇನ್ನೊಂದು ದಾರಿ ತೋರಿಸಿದ್ದಾಳೆ. ನಿನ್ನ ಭಾಗ ತೆಗೆದು ನಾನೇ ಬೇರೆ ರೀತಿಯಲ್ಲಿ ಬರೆದುಕೊಟ್ಟರೆ ಯಾರ ಒಪ್ಪಿಗೆಯೂ ಬೇಡವಂತೆ. ಅದನ್ನು ಬರೆದು ಮುಗಿಸಿ ಹದಿನೈದು ದಿನವಾಯಿತು. ಚೆನ್ನಾಗಿಯೇ ನಡೆಯುತ್ತದೆ. ಕಳಿಸಿಲ್ಲ. ಕಳಿಸಿದ್ದರೆ ನಿನಗೆ ಬರೆಯಲು ನನ್ನ ಬಳಿ ಬೇರೆ ಕಾರಣ ಇರುತ್ತಿರಲಿಲ್ಲ. ಒಪ್ಪಿಗೆ ಕೊಡಲು ಮನಸ್ಸಿಲ್ಲದಿದ್ದರೆ, ಇಲ್ಲ ಅಂತಲಾದರೂ ಬರಿ ಅಣ್ಣಾ.