ಕೂಗದೆ ನಿಂತವಳು

ಸಂಜೆ ಏಳು ಗಂಟೆ

ಪ್ರೀತಿಯ ಅಣ್ಣನಿಗೆ,

ಇವತ್ತು ನಮ್ಮೂರಿನ ಪಂಚಾಯ್ತಿ ಸೀಟನ್ನು ಅರಳಿಕಟ್ಟೆಯಲ್ಲಿ ಹರಾಜಿಗಿಟ್ಟರು. ದೇವಸ್ಥಾನದ ಗೋಪುರಕ್ಕೆ ಹೆಚ್ಚು ದೇಣಿಗೆ ಕೂಗಿದವರೇ ಮೆಂಬರು, ಬೇರೆ ಯಾರೂ ಚುನಾವಣೆಗೆ ನಿಲ್ಲಬಾರದು ಎಂಬುದು ಊರ ಯಜಮಾನರ ಮಾತು. ಕಟ್ಟೆ ಮನೆಯ ಎದುರಿಗೇ ಇರುವುದರಿಂದ ಕಿಟಕಿಯಲ್ಲೇ ಎಲ್ಲ ಕೇಳಿಸಿತು.

ಕಂಟ್ರಾಕ್ಟರ್ ನಟರಾಜು ಎಲ್ಲರಿಗಿಂತ ಜಾಸ್ತಿ ಕೂಗಿದ. ಆಗ ನನ್ನ ಮಗಳು ಸ್ಪಂದನಾ ಎದ್ದು ನಿಂತಳು.

"ಏನವ್ವಾ, ನೀನೆಷ್ಟು ಕೂಗ್ತೀಯೆ?" ಎಂದು ಅವನು ನಕ್ಕ.

"ನಾನು ಕೂಗಕಿಲ್ಲ ಕಣಣ್ಣ, ನಿಂತ್ಕತೀನಿ. ದೇವ್ರಿಗೆ ಕೊಡಾದ ಉಂಡಿಗೆ ಹಾಕು. ಓಟ್ನ ಜನ ಹಾಕ್ಲಿ."

ಸ್ಪಂದನಾಳ ಅಪ್ಪ ಪ್ರತಿ ಸಲವೂ ಈ ಹರಾಜಿನಿಂದ ಮಾತಾಡದೆ ಎದ್ದು ಬರುತ್ತಿದ್ದರು. ಇವಳು ಮಾತಾಡಿದ್ದನ್ನು ಕೇಳಲು ಅವರಿರಬೇಕಿತ್ತು.

ಆದರೆ ನಾಮಪತ್ರಕ್ಕೆ ಊರಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕಂತೆ. ಮನೆಮನೆಗೂ ಹೋಗಿ ಬಂದಳು. "ಊರೋರ ನಿಷ್ಠುರ ನಮಗ್ಯಾಕವ್ವ" ಎಂದರಂತೆ ಎಲ್ಲರೂ. ನನ್ನನ್ನು ಮಾತ್ರ ಅವಳು ಕೇಳಲಿಲ್ಲ. ಅವಳ ಅಪ್ಪ ತೀರಿಕೊಂಡ ಮೇಲೆ ನಾನು ಹೊಸಿಲು ದಾಟಿಲ್ಲ. ವರ್ಷ ತುಂಬುವವರೆಗೆ ದಾಟುವುದಿಲ್ಲ ಎಂದು ಅತ್ತಿಗೆಗೆ ಮಾತು ಕೊಟ್ಟಿದ್ದೆ. ಅತ್ತಿಗೆಗೆ ನೀವೇ ಸಮಾಧಾನ ಹೇಳಿ.

ನಾಳೆ ನಾಮಪತ್ರಕ್ಕೆ ಕಡೇ ದಿನ. ಹತ್ತು ಗಂಟೆಗೆ ಪಂಚಾಯ್ತಿ ಆಫೀಸಿನಲ್ಲಿ ಸೂಚಕರ ಜಾಗದಲ್ಲಿ ನಾನು ಸಹಿ ಹಾಕುತ್ತೇನೆ.

ನಿಮ್ಮ ತಂಗಿ
ಪುಟ್ಟಸಿದ್ದಮ್ಮ