ಕೂಗಿದರೆ ನಿಲ್ಲುವ ಹುಡುಗಿ

ವಿಲ್ಗಾ ಡೌನ್ಸ್,
ಗುರುವಾರ

ಮಿಸೆಸ್ ಪೆಂಗೆಲ್ಲಿ ಅವರಿಗೆ,

ನಿಮ್ಮ ಚೀಟಿ ತಲುಪಿತು. ಬೆಂಕಿಯ ಅಣಕು ಅಭ್ಯಾಸದಲ್ಲಿ ನೀವು "ಎಲ್ಲರೂ ಹೊರಗೆ!" ಎಂದು ಕೂಗಿದರೂ ನನ್ನ ಮಗಳು ಬ್ರೈಡಿ ಕ್ಲಾಸಿನಲ್ಲೇ ಕಂಬದಂತೆ ನಿಂತಿದ್ದಳಂತೆ. ಮನೆಯಲ್ಲೇ ಕಲಿತ ಮಕ್ಕಳಿಗೆ ಹೇಳಿದ ಮಾತು ಕೇಳಿ ಗೊತ್ತಿರುವುದಿಲ್ಲ ಎಂದೂ ಬರೆದಿದ್ದೀರಿ.

ಮಾತು ಕೇಳಿದ್ದಕ್ಕೇ ಅವಳು ನಿಂತದ್ದು. ಕುರಿ ಸಾಕುವ ನಮ್ಮ ಈ ಫಾರಮ್ಮಿನಲ್ಲಿ ಯಾರಾದರೂ ಕೂಗಿದರೆ ಕಾಲ ಬಳಿ ಹಾವಿದೆ ಎಂದರ್ಥ, ಇದ್ದಲ್ಲೇ ನಿಲ್ಲಬೇಕು. ನಾಲ್ಕು ವರ್ಷ ಅಡುಗೆಮನೆಯ ಮೇಜಿನ ಮೇಲೆ ಓದು, ಲೆಕ್ಕ ಹೇಳಿಕೊಟ್ಟೆ. ಆದರೆ ಒಂದು ದಿನವೂ ತಪ್ಪದೆ ಮಾಡಿಸಿದ ಪಾಠ ಇದೊಂದೇ.

ಅಂದು ಬಸ್ಸಿಳಿದು ಬಂದವಳೇ, "ಅಮ್ಮಾ, ಟೀಚರ್ ಕೂಗಿದ್ರು, ಎಲ್ರೂ ಓಡಿಬಿಟ್ರು, ಪೆದ್ದುಗಳು! ನಾನೊಬ್ಳೇ ಅಲ್ಲಾಡ್ಲಿಲ್ಲ ಗೊತ್ತಾ?" ಎಂದಳು. ನಾನು ಭೇಷ್ ಎನ್ನಲಿ ಎಂದು ಕಾದಳು. ಅದು ನಿಜವಾದ ಬೆಂಕಿಯಾಗಿದ್ದರೆ?

ದಯವಿಟ್ಟು, ಬೆಂಕಿಯ ಗಂಟೆ ಹೊಡೆದಾಗ ಸದ್ಯಕ್ಕೆ ಯಾರಾದರೂ ಅವಳ ಕೈ ಹಿಡಿದು ಹೊರಗೆ ಕರೆದೊಯ್ಯಲಿ. ಓಡುವುದನ್ನು ನೀವೇ ಕಲಿಸಬೇಕು. ನಿನ್ನೆ ಅಂಗಳದಲ್ಲಿ ನಾನೇ ಕಲಿಸಲು ಹೋದೆ. "ಓಡು" ಎನ್ನಲು ಬಾಯೇ ಬರಲಿಲ್ಲ.

ನೀವು ಆ ಶಾಲೆಗೆ ಬರುವ ಮೊದಲು ಅವಳ ಅಣ್ಣ ಡಾರ್ಸಿ ಅದೇ ಕ್ಲಾಸಿನಲ್ಲಿದ್ದ. ಬೆಂಕಿಯ ಅಭ್ಯಾಸದಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಓಡಿದ್ದಕ್ಕೆ ಅವನಿಗೆ ಬಹುಮಾನ ಸಿಕ್ಕಿತ್ತು. ಮರುವಾರ ಉಣ್ಣೆ ಶೆಡ್ಡಿನ ಹಿಂದೆ ಅವನ ಕಾಲ ಬಳಿ ಹಾವು ಕಂಡು ನಾನು ಕೂಗಿದೆ. ಅವನು ಓಡಿದ.

ಇಂತಿ,
ಬ್ರೈಡಿಯ ತಾಯಿ
ರೋಜ್ಲಿನ್